ಐದು ವರ್ಷಕ್ಕೊಂದು ಸಲ, ತಪ್ಪದೆ

ಕಳೆದ ತಿಂಗಳು ನನಗೆ ಐವತ್ತು ತುಂಬಿತು. ಅದರ ಜೊತೆಗೇ ಡ್ರೈವಿಂಗ್ ಲೈಸೆನ್ಸಿನ ಅವಧಿಯೂ ಮುಗಿಯಿತು. ಇನ್ನು ಮೇಲೆ ಐದೈದು ವರ್ಷಕ್ಕೆ ಅದನ್ನು ರಿನ್ಯೂ ಮಾಡಿಸಬೇಕು, ಪ್ರತಿ ಸಲವೂ ಕಣ್ಣು ಕಿವಿ ಕೈಕಾಲು ನೆಟ್ಟಗಿವೆಯೆಂದು ಡಾಕ್ಟರು ಬರೆದುಕೊಡಬೇಕು. ನಮ್ಮ ಬಡಾವಣೆಯ ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿ, ಪೆನ್ನು ಕೈಗೆತ್ತಿಕೊಂಡು, "ಕಾರು ದಿನಾ ಓಡಿಸ್ತೀರಾ?" ಎಂದು ಕೇಳಿದರು. ಮನೆಯವರು ಊರಲ್ಲಿ ಇಲ್ಲದಾಗ ತರಕಾರಿ ಅಂಗಡಿಯವರೆಗೆ ಎಂದೆ. "ಅಷ್ಟಕ್ಕೆ ಯಾಕಮ್ಮ ಇಷ್ಟೆಲ್ಲ ಓಡಾಟ? ಬಿಟ್ಟುಬಿಡಿ," ಎಂದು ನಕ್ಕರು. ನಾನೂ ನಕ್ಕೆ. ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಆದರೆ ಅದು ನನ್ನದಲ್ಲ, ಚೆನ್ನೈನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಒಬ್ಬ ಹೆಂಗಸಿನದು.

ಆಕೆ ತೀರಿಕೊಂಡು ವರ್ಷವಾಗುತ್ತ ಬಂತು. ಹೆಸರು ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಕೇಳಿಸಿಕೊಂಡು, "ನನ್ನನ್ನ ಪೇಪರ್‌ಗೆ ಹಾಕಕ್ಕೆ ನಿನಗೆ ಯಾರು ಲೈಸೆನ್ಸ್ ಕೊಟ್ಟೋರು?" ಎಂದು ದಬಾಯಿಸುವ ಪೈಕಿ ಅವರು.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮವರಿಗೆ ಚೆನ್ನೈನ ಮಣಲಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ಮೈಸೂರಿನಿಂದ ಹೊರಟೆವು. ಕಾರ್ಖಾನೆಯ ಬಸ್ಸು ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ನುಂಗಂಬಾಕ್ಕಂನ ಹಳೆಯ ಬೀದಿಯೊಂದರಲ್ಲಿ ಮಹಡಿಮನೆ ಹಿಡಿದೆವು. ಕೆಳಗೆ ಆಕೆ ಮತ್ತು ಅವರ ಯಜಮಾನರು, ಅವರೂ ಕನ್ನಡದವರೇ. ಯಜಮಾನರು ಅದೇ ಕಾರ್ಖಾನೆಯ ಸೇಫ್ಟಿ ವಿಭಾಗಕ್ಕೆ ಮುಖ್ಯಸ್ಥರು, ಎಂದರೆ ನಮ್ಮವರ ಮೇಲಿನವರಿಗೂ ಮೇಲಿನವರು. ಹಾಗಾಗಿ ನಾವು ಸಾಮಾನು ಇಳಿಸಿದ ದಿನ ಕಾಫಿ ಫ್ಲಾಸ್ಕ್ ಹಿಡಿದು ಮೇಲೆ ಬಂದ ಆಕೆಗೆ ನಾನು ಗಾಬರಿಯಲ್ಲಿ "ಬನ್ನಿ ಮೇಡಂ" ಎಂದೆ. ಅವರು ಮೆಟ್ಟಿಲ ಮೇಲೇ ನಿಂತುಬಿಟ್ಟರು.

"ಮೇಡಂ ಅಂದ್ರೆ ಇಲ್ಲಿಂದ್ಲೇ ಇಳಿದು ಹೋಗ್ತೀನಿ ನೋಡು. ಈ ಬೀದೀಲಿ ಎಲ್ರೂ ಮಾಮಿ ಮಾಮಿ ಅಂತಾರೆ. ನಾನು ಯಾವ ಸೋದರಮಾವನ ಹೆಂಡ್ತಿ ಅಂತ ನಂಗೇ ಗೊತ್ತಿಲ್ಲ. ಅಕ್ಕ ಅನ್ನೋರು ಒಬ್ರಾದ್ರೂ ಬೇಕು ಕಣಮ್ಮ."

ಆವತ್ತಿನಿಂದ ಅವರು ನನಗೆ ಅಕ್ಕ. ಬೀದಿಗೆ ಮಾತ್ರ ಅವರು 'ಕಾರ್ ಮಾಮಿ'. ದಿನಾ ಕಾರು ಓಡಿಸುತ್ತಿರಬೇಕು ಎಂದು ನಾನು ಮೊದಲು ತಿಳಿದಿದ್ದೆ. ತಿಂಗಳು ಕಳೆದರೂ ಅವರು ಸ್ಟೀರಿಂಗ್ ಹಿಡಿದಿದ್ದು ಕಾಣಲಿಲ್ಲ. ಶೆಡ್ಡಿನಲ್ಲಿ ಕೆನೆಬಣ್ಣದ ಹಳೆಯ ಕಾರೊಂದಿತ್ತು. ಗೇರ್ ಕಡ್ಡಿ ಸ್ಟೀರಿಂಗಿನ ಪಕ್ಕದಲ್ಲೇ ಇರುವ ಕಾಲದ್ದು. ಸಂಜೆ ಯಜಮಾನರು ಅದನ್ನು ಹೊರಗೆ ತೆಗೆದು, ನಾಲ್ಕು ಚಕ್ರಕ್ಕೂ ಒಂದೊಂದು ಸಲ ಒದ್ದು ಗಾಳಿ ನೋಡಿ, ದೇವರಿಗೆ ಪ್ರದಕ್ಷಿಣೆ ಬಂದ ಹಾಗೆ ಸುತ್ತ ಬಂದು, ಆಮೇಲೆ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಸೆಂಟ್ ನಗರದ ಕಡಲತೀರಕ್ಕೆ ಹೋಗುತ್ತಿದ್ದರು. ಅಕ್ಕನ ವ್ಯಾನಿಟಿ ಬ್ಯಾಗು ಅವರ ತೊಡೆಯ ಮೇಲೆ ಇರುತ್ತಿತ್ತು. ಬ್ಯಾಗಿನಲ್ಲಿ ಕನ್ನಡಕ, ಕುಂಕುಮದ ಡಬ್ಬಿ, ಮತ್ತು ಅವಧಿ ಮುಗಿಯದ ಡ್ರೈವಿಂಗ್ ಲೈಸೆನ್ಸು.

ಲೈಸೆನ್ಸ್ ಮೈಸೂರಿನಲ್ಲಿ ಪಡೆದದ್ದು. ಮದುವೆಗೆ ಮುಂಚೆ ತಂದೆ ಹೇಳಿಕೊಟ್ಟು, ಚಾಮುಂಡಿ ಬೆಟ್ಟವನ್ನು ಹತ್ತಿಸಿ ಇಳಿಸಿದ ಮೇಲೆ ಕೊಡಿಸಿದ್ದರಂತೆ. "ಬೆಟ್ಟ ಹತ್ತಿಸಿದೀನಿ" ಎನ್ನುವುದನ್ನು ಅಕ್ಕ, ಬೇರೆಯವರು "ಎಂ.ಎ. ಮಾಡಿದೀನಿ" ಎನ್ನುವ ಧಾಟಿಯಲ್ಲಿ ಹೇಳುತ್ತಿದ್ದರು. ಬ್ಯಾಂಕಿನಲ್ಲಿ, ಅಂಚೆ ಕಚೇರಿಯಲ್ಲಿ, ಗುರುತಿಗೆ ಏನಾದರೂ ಕೇಳಿದರೆ ಮೊದಲು ಹೊರಗೆ ಬರುತ್ತಿದ್ದುದು ಅದೇ. ಯಾರೂ ಕೇಳದಿದ್ದರೂ ಒಮ್ಮೊಮ್ಮೆ ಬರುತ್ತಿತ್ತು.

ನಾವಿಬ್ಬರೂ ಬಸ್ಸಿನಲ್ಲಿ ಹೋಗುವಾಗ ಅವರಿಗೆ ಡ್ರೈವರು ಕಾಣುವ ಸೀಟೇ ಬೇಕು. ಹಿಂದೆ ಎಷ್ಟು ಜಾಗವಿದ್ದರೂ ಮುಂದೆ ಹೋಗಿ ಕಂಬಿ ಹಿಡಿದು ನಿಲ್ಲುತ್ತಿದ್ದರು. "ಗೇರ್ ಹಾಕೋದು ನೋಡು ಇವ್ನು, ಉಪ್ಪಿಟ್ಟು ಮಗುಚಿದ ಹಾಗೆ," ಎಂದು ನನ್ನ ಕಿವಿಯಲ್ಲಿ ಹೇಳುವರು. ಆಟೋದವರಿಗಂತೂ ನೇರವಾಗಿಯೇ ಪಾಠ. ಅಕ್ಕನ ತಮಿಳು ಸೊಪ್ಪಿನವಳ ಹತ್ತಿರ, ಹಾಲಿನವನ ಹತ್ತಿರ ಕಲಿತದ್ದು. ಊರಿಗೆ ಬಂದು ಅಷ್ಟು ವರ್ಷವಾದರೂ ಅದರಾಚೆಗೆ ಬೆಳೆಯಲು ಅವರು ಬಿಟ್ಟಿರಲಿಲ್ಲ. ಕೊಯಮತ್ತೂರಿನಲ್ಲಿದ್ದ ಮಗಳು ಫೋನಿನಲ್ಲಿ ತಮಿಳಿನಲ್ಲೇ ಮಾತಾಡಿದರೆ ಇವರು ಕನ್ನಡದಲ್ಲೇ ಉತ್ತರ ಕೊಡುವರು. ಇಬ್ಬರಿಗೂ ಅದು ಎರಡು ಭಾಷೆ ಅನ್ನಿಸುತ್ತಿರಲಿಲ್ಲ.

ಅವರು ನಿಜವಾಗಿ ಕಾರು ಓಡಿಸುತ್ತಿದ್ದುದು ವರ್ಷಕ್ಕೆ ಒಂದು ದಿನ, ಆಯುಧಪೂಜೆಯಂದು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆದ ಮೇಲೆ, ರೇಷ್ಮೆ ಸೀರೆಯುಟ್ಟ ಅಕ್ಕ ಸೀಟಿಗೆ ಹತ್ತಿ ಕೂರುವರು. ಯಜಮಾನರು ಎದುರಿಗೆ ನಿಂತು ಎರಡೂ ಕೈ ಎತ್ತಿಕೊಂಡು, "ಮೆಲ್ಲಗೆ... ಮೆಲ್ಲಗೆ..." ಎನ್ನುವರು. ಕಾರು ನಿಂಬೆಹಣ್ಣಿನ ಮೇಲೆ ಹಾದು ಒಂದು ಮಾರು ಮುಂದೆ ಬರುವುದು, ಒಂದು ಮಾರು ಹಿಂದೆ ಹೋಗುವುದು. ಬೀದಿಯ ಮಕ್ಕಳು ಚಪ್ಪಾಳೆ ಹೊಡೆಯುವರು. ಅಲ್ಲಿಗೆ ಆ ವರ್ಷದ ಡ್ರೈವಿಂಗ್ ಮುಗಿಯಿತು. ಅದಕ್ಕಾಗಿಯೇ ಆ ಹೆಸರು ಬಂದದ್ದೆಂದು ನನಗೆ ಆಗ ತಿಳಿಯಿತು. ಮಕ್ಕಳು ಇಟ್ಟ ಹೆಸರು, ಸ್ವಲ್ಪ ಗೇಲಿಯೂ ಇತ್ತು ಅದರಲ್ಲಿ. ಅಕ್ಕನಿಗೆ ಗೇಲಿ ಗೊತ್ತಿಲ್ಲದ್ದೇನಲ್ಲ.

ಯಾಕೆ ಓಡಿಸುವುದಿಲ್ಲ ಎಂದು ಒಂದು ಸಲ ನೇರವಾಗಿ ಕೇಳಿದೆ. ಅವರು ಬೀನ್ಸ್ ನಾರು ತೆಗೆಯುತ್ತಿದ್ದರು.

"ಬಂದ ಹೊಸದರಲ್ಲಿ ಇವ್ರು, ಊರು ಒಂಚೂರು ಅಭ್ಯಾಸ ಆಗ್ಲಿ ಅಂದ್ರು. ಸರಿ ಅಂದೆ. ಆಮೇಲೆ ಮಗು ಆಯ್ತು. ಮಗು ನಡಿಯೋ ಹಾಗಾಗ್ಲಿ ಅಂದ್ರು. ಅವಳು ನಡೆದಳು, ಓದಿದಳು, ಮದುವೆ ಆಗಿ ಹೋದಳು. ಈಗ ತಣ್ಣಿ ಲಾರಿ ಕಾಟ ಜಾಸ್ತಿ ಆಗಿದೆ, ಅದು ಕಮ್ಮಿ ಆಗ್ಲಿ ಅಂತಾರೆ."

ನೀರಿನ ತೊಟ್ಟಿ ಹೊತ್ತ ಆ ಲಾರಿಗಳು ನಮ್ಮ ಬೀದಿಯಲ್ಲಿ ಹಗಲೂ ಇರುಳೂ ನುಗ್ಗುತ್ತಿದ್ದುದು ನಿಜ. ಆದರೆ ಕಾರಣ ಲಾರಿಯಲ್ಲ. ಯಜಮಾನರ ಕೆಲಸವೇ ಅಂಥದ್ದು. ಎಲ್ಲಿ ಏನು ಸಿಡಿಯಬಹುದು, ಯಾರ ಕಾಲು ಎಲ್ಲಿ ಜಾರಬಹುದು ಎಂದು ಮೊದಲೇ ಊಹಿಸುವುದಕ್ಕೆ ಅವರಿಗೆ ಸಂಬಳ. ಸಂಜೆ ಬಸ್ಸು ಇಳಿದರೂ ಆ ಊಹೆ ಇಳಿಯುತ್ತಿರಲಿಲ್ಲ. ಅಡುಗೆಮನೆಯಲ್ಲಿ ಗ್ಯಾಸ್ ಒಲೆಯ ಪಕ್ಕ ಕೆಂಪು ಬಣ್ಣದ ಮರಳಿನ ಬಕೆಟ್ ಇಟ್ಟಿದ್ದರು. ಅಕ್ಕ ಅದರಲ್ಲಿ ಕೊತ್ತಂಬರಿ ಬೆಳೆಸುವುದಾಗಿ ಹೆದರಿಸುತ್ತಿದ್ದರು. ಗದರುವ ಮನುಷ್ಯನೇ ಅಲ್ಲ ಯಜಮಾನರು. ಹೆಂಡತಿಗೆ 'ಬೇಡ' ಅಂದದ್ದನ್ನು ನಾನು ಕೇಳಿಲ್ಲ. 'ಆಮೇಲೆ' ಅನ್ನುತ್ತಿದ್ದರು, ಅಷ್ಟೇ. ಆ 'ಆಮೇಲೆ'ಯಲ್ಲಿ ಒಂದು ಆಯುಷ್ಯವೇ ಹೋಗಿತ್ತು ಎಂದು ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು.

"ಹಾಗಿದ್ರೆ ಲೈಸೆನ್ಸ್ ಯಾಕಕ್ಕ ರಿನ್ಯೂ ಮಾಡಿಸ್ತೀರಿ?" ಎಂದೆ. ಮೊನ್ನೆ ಡಾಕ್ಟರು ನನ್ನನ್ನು ಕೇಳಿದ ಪ್ರಶ್ನೆಯೇ.

ಅಕ್ಕ ಚಾಕು ಕೆಳಗಿಟ್ಟರು. "ನೋಡು, ಓಡಿಸ್ದೇ ಇರೋದು ಬೇರೆ, ಓಡ್ಸಕ್ಕೆ ಆಗ್ದೇ ಇರೋದು ಬೇರೆ. ನಾನು ಓಡಿಸ್ತಿಲ್ಲ. ಅದು ನಮ್ಮನೆ ವಿಷಯ. ಓಡ್ಸೋ ಹಾಗಿಲ್ಲ ಅಂತ ಸರ್ಕಾರ ಯಾಕೆ ಹೇಳ್ಬೇಕು?"

ಮಗಳು ಮಾತ್ರ, "ಎದುಕ್ಕುಮ್ಮಾ ಇದೆಲ್ಲಾಂ?" ಎನ್ನುತ್ತಿದ್ದಳು, ಯಾಕಮ್ಮ ಇದೆಲ್ಲ ಎಂದು. ಅಕ್ಕ ಅದಕ್ಕೆ ಉತ್ತರ ಕೊಡದೆ ಮೊಮ್ಮಗುವಿನ ಕೆಮ್ಮು ವಿಚಾರಿಸುತ್ತಿದ್ದರು. ರಿನ್ಯೂ ಮಾಡಿಸುವ ದಿನ ಬಂತೆಂದರೆ ಅವರಿಗೆ ಅದೊಂದು ಹಬ್ಬ. ಹಿಂದಿನ ದಿನ ಎಣ್ಣೆಸ್ನಾನ, ಆ ದಿನ ಒಳ್ಳೆಯ ಸೀರೆ, ಫೋಟೋಗೆ ಮಲ್ಲಿಗೆ ಕಾಣುವ ಹಾಗೆ ತಲೆ ಒಂದಿಷ್ಟು ಓರೆ. ಫೋಟೋದವನು ತಲೆ ನೆಟ್ಟಗಿಡಿ ಎಂದರೂ ಕೇಳುತ್ತಿರಲಿಲ್ಲ.

ಯಜಮಾನರು ನಿವೃತ್ತರಾದ ವರ್ಷ ಆ ಮನೆಯ ಗಾಳಿ ಬದಲಾಯಿತು. ಅವರ ಲೈಸೆನ್ಸೂ ಅದೇ ಸುಮಾರಿಗೆ ಮುಗಿಯುವುದಿತ್ತು. ಸರ್ಟಿಫಿಕೇಟಿಗೆಂದು ಹೋದ ಅವರಿಗೆ ಕಣ್ಣಿನ ಡಾಕ್ಟರು ಸಹಿ ಹಾಕಲಿಲ್ಲ. ಗ್ಲಾಕೋಮಾ. ನೇರಕ್ಕೆ ಕಾಣುತ್ತದೆ, ಅಕ್ಕಪಕ್ಕದ್ದು ಮಂಜಾಗಿಬಿಟ್ಟಿದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದರಂತೆ. ಎಷ್ಟೋ ದಿನದಿಂದ ಹಾಗೇ ಓಡಿಸುತ್ತಿದ್ದಿರಬೇಕು. ಬೇರೆಯವರ ಅಪಘಾತವನ್ನೆಲ್ಲ ಮೊದಲೇ ಕಾಣುತ್ತಿದ್ದ ಮನುಷ್ಯನಿಗೆ ಇದು ಕಂಡಿರಲಿಲ್ಲ. ಮನೆಗೆ ಬಂದವರೇ ಕಾರಿನ ಕೀಲಿಯನ್ನು ದೇವರ ಮನೆಯ ಗೂಡಿನಲ್ಲಿಟ್ಟು ಕೂತರು. ಕಡಲತೀರ ನಿಂತಿತು. ಆಟೋದಲ್ಲಿ ಹೋಗೋಣ ಎಂದರೆ ಯಜಮಾನರು, ಮೂರು ಚಕ್ರದ ಗಾಡಿ ಎಷ್ಟು ಅಪಾಯ ಎಂದು ವಿವರಿಸುತ್ತ ಮನೆಯಲ್ಲೇ ಉಳಿದರು. ಅಕ್ಕನೂ ಉಳಿದರು. ಪಕ್ಕದ ಬೀದಿಯವರೊಬ್ಬರು ಕಾರು ಕೊಡುತ್ತೀರಾ ಎಂದು ಕೇಳಿಕೊಂಡು ಬಂದರು. ಯಜಮಾನರು ಹೂಂ ಎನ್ನುವುದರಲ್ಲಿದ್ದರು.

"ಒಂದು ತಿಂಗ್ಳು ತಡೀರಿ," ಎಂದರು ಅಕ್ಕ, ಬಂದವರಿಗೆ ಕಾಫಿ ಕೊಡುತ್ತ. "ನನ್ನ ಲೈಸೆನ್ಸ್ ರಿನ್ಯೂ ಆಗೋದಿದೆ. ಆಮೇಲೆ ಈ ಕಾರು ನಾನೇ ಓಡಿಸ್ತೀನಿ."

ಯಜಮಾನರು ತಲೆ ಎತ್ತಿದರು. ಈ ಸಲ 'ಆಮೇಲೆ' ಎಂದದ್ದು ಹೆಂಡತಿ. ಮನೆಯಲ್ಲಿ ಉಳಿದಿದ್ದ ಲೈಸೆನ್ಸು ಅದೊಂದೇ. ಅದು ಹೋದರೆ ಕಾರೂ ಹೋಯಿತು, ಸಂಜೆಗಳೂ ಹೋದವು. ಅಕ್ಕನಿಗೆ ಅದಕ್ಕಿಂತ ಹೆಚ್ಚಿನದೇನೋ ಹೋಗುತ್ತಿತ್ತು.

ಆರ್‌ಟಿಓ ಕಚೇರಿಗೆ ನಾವು ಮೂವರೂ ಹೋದೆವು. ಜನಜಂಗುಳಿಯಲ್ಲಿ ಯಾರಾದರೂ ಪಕ್ಕದಿಂದ ತಗುಲಿದರೆ ಯಜಮಾನರು ಬೆಚ್ಚುತ್ತಿದ್ದರು, ಅದಕ್ಕೆ ಹೊರಗಿನ ಬೆಂಚಿನ ಮೇಲೆ ಕೂರಿಸಿದೆವು. ನಾನೂ ಅಕ್ಕನೂ ಒಳಗೆ ಸಾಲಿನಲ್ಲಿ ನಿಂತೆವು. ಡಾಕ್ಟರ ಸರ್ಟಿಫಿಕೇಟು ಇತ್ತು, ಅವಧಿ ಮೀರಿರಲಿಲ್ಲ. ಸಹಿ ಒಂದು ಬಿದ್ದರೆ ಮುಗಿಯುವ ಕೆಲಸ. ಕಿಟಕಿಯಾಚೆಗಿದ್ದ ಗುಮಾಸ್ತ ವಿಳಾಸಕ್ಕೆ ಪುರಾವೆ ಕೇಳಿದ. "ಓಟ್ಟರ್ ಐಡಿ ಇರುಕ್ಕಾ?" ಎಂದ. ಅಕ್ಕ ಮತದಾರರ ಗುರುತಿನ ಚೀಟಿ ತೆಗೆದುಕೊಟ್ಟರು. ಅವನು ಅದನ್ನೂ ಅರ್ಜಿಯನ್ನೂ ಒಳಗೆ ಮೇಜಿನ ಹಿಂದೆ ಕೂತಿದ್ದ ಇನ್‌ಸ್ಪೆಕ್ಟರಿಗೆ ದಾಟಿಸಿದ. ಇನ್‌ಸ್ಪೆಕ್ಟರ್ ಹುಡುಗು ಮುಖದವರು, ಮರ್ಯಾದಸ್ಥರು. ನಮ್ಮನ್ನು ಮೇಜಿನ ಹತ್ತಿರ ಕರೆದು, ಚೀಟಿಯನ್ನು ತಿರುಗಿಸಿ ನೋಡಿ, ಅಕ್ಕನ ರೇಷ್ಮೆ ಸೀರೆಯನ್ನೂ ಮಲ್ಲಿಗೆಯನ್ನೂ ನೋಡಿ, ಮಾತಿಗೆಂಬಂತೆ ಕೇಳಿದರು:

"ಓಟ್ಟುರೀಂಗಳಾಮ್ಮಾ?"

ತಮಿಳಿನಲ್ಲಿ ಓಟ್ಟು ಎಂದರೆ ಗಾಡಿ ಓಡಿಸುವುದೂ ಹೌದು, ಮತವೂ ಹೌದು. ಮತವಾದರೆ 'ಓಟ್ಟು ಪೋಡು' ಎನ್ನಬೇಕು, ನಾವು ಓಟು ಹಾಕು ಎನ್ನುವ ಹಾಗೆ. ತಮಿಳರಿಗೆ ಇದರಲ್ಲಿ ಗೊಂದಲವೇ ಇಲ್ಲ, ಅವರು ಕೇಳಿದ್ದು ಗಾಡಿಯದನ್ನೇ. ಆದರೆ ಆಗಷ್ಟೇ ಓಟರ್ ಚೀಟಿ ಕೊಟ್ಟು, ಅದನ್ನು ಅವರ ಕೈಯಲ್ಲಿ ಕಾಣುತ್ತಿದ್ದ ಅಕ್ಕನಿಗೆ ಕೇಳಿಸಿದ್ದು ಓಟೊಂದೇ. ಪಕ್ಕದಲ್ಲಿದ್ದ ನನಗೂ ಅದೇ ಕೇಳಿಸಿತು. ಓಟು ಹಾಕುತ್ತೀರಾ ಎಂದು ಕೇಳಿದ್ದೇ ಅಕ್ಕನಿಗೆ ಸ್ವಲ್ಪ ಅವಮಾನವಾಯಿತು.

"ಕಂಡಿಪ್ಪಾ," ಎಂದರು, ಖಂಡಿತವಾಗಿ ಎಂದು. "ಅಂಜು ವರುಷತ್ತುಕ್ಕು ಒರು ತಡವೆ. ಒರು ತಡವೆ ಕೂಡ ವಿಟ್ಟದಿಲ್ಲೆ."

ಐದು ವರ್ಷಕ್ಕೊಂದು ಸಲ, ಒಂದು ಸಲವೂ ಬಿಟ್ಟಿಲ್ಲ ಎಂದು. ಆ ದಿನಗಳಲ್ಲಿ ಸರ್ಕಾರಗಳು ಬಿದ್ದು ಚುನಾವಣೆ ನಡುನಡುವೆ ಬರುತ್ತಲೇ ಇತ್ತು. ಅಕ್ಕ ಅವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಇನ್‌ಸ್ಪೆಕ್ಟರ್ ಪೆನ್ನು ತಡೆದರು. ಕಡೆಯ ಸಲ ಎಲ್ಲಿ ಎಂದು ಕೇಳಿದರು. ಪಕ್ಕದ ಸ್ಕೂಲಿನಲ್ಲಿ ಎಂದರು ಅಕ್ಕ. ಸ್ಕೂಲಿನ ಒಳಗೇನಾ ಎಂದರು. ಹೌದು, ಒಳಗೇ, ಕ್ಲಾಸ್ ರೂಮಿನಲ್ಲಿ ಎಂದರು ಅಕ್ಕ. ಜೊತೆಗೆ ಯಾರಿದ್ದರು ಎಂದು ಅವರು ಮೆಲ್ಲಗೆ ಕೇಳಿದರು. ಅಕ್ಕ ಅವರನ್ನು ಕನಿಕರದಿಂದ ನೋಡಿ, ಜೊತೆಗೆ ಯಾರನ್ನೂ ಬಿಡುವುದಿಲ್ಲವಲ್ಲ, ನಾನು ಒಬ್ಬಳೇ ಎಂದರು.

ಇನ್‌ಸ್ಪೆಕ್ಟರ್ ಸಹಿ ಹಾಕಲಿಲ್ಲ. ಅರ್ಜಿಯ ಮೂಲೆಯಲ್ಲಿ ಏನೋ ಬರೆದು, "ತಿಂಗಕ್ಕೆಳಮೆ ವಂಡಿ ಎಡುತ್ತುಟ್ಟು ವಾಂಗಮ್ಮಾ. ಓಟ್ಟಿ ಕಾಟ್ಟಣುಂ," ಎಂದರು. ಸೋಮವಾರ ಗಾಡಿ ತೆಗೆದುಕೊಂಡು ಬನ್ನಿ, ಓಡಿಸಿ ತೋರಿಸಬೇಕು.

ವಂಡಿ ಎಂಬ ಮಾತು ಕಿವಿಗೆ ಬಿದ್ದಾಗಲೇ ಎಲ್ಲೋ ತಪ್ಪಾಗಿದೆಯೆಂದು ನನಗೆ ತಿಳಿದದ್ದು. ಅಕ್ಕ ನೇರ ಹೊರಗೆ ನಡೆದರು. ಬೆಂಚಿನ ಹತ್ತಿರ ಬಂದು, "ಏನ್ರೀ, ಓಟ್ಟುರೀಂಗಳಾ ಅಂದ್ರೆ ಏನು?" ಎಂದರು. ಯಜಮಾನರು ಹೇಳಿದರು. ಅಕ್ಕ ಒಳಗೆ ನಡೆದದ್ದನ್ನು ಒಂದೊಂದಾಗಿ ಒಪ್ಪಿಸಿದರು. ಸ್ಕೂಲಿನ ಒಳಗೇ ಎನ್ನುವಲ್ಲಿಗೆ ಬಂದಾಗ ಯಜಮಾನರು ನಗಲು ಶುರು ಮಾಡಿದವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕಣ್ಣಿನ ವಿಷಯ ತಿಳಿದ ಮೇಲೆ ಅವರು ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು. ಆಮೇಲೆ ಸೋಮವಾರದ ವಿಷಯ ಬಂತು, ನಗು ನಿಂತಿತು.

"ನಾನು ಹೋಗಿ ಹೇಳ್ತೀನಿ," ಎಂದು ಎದ್ದರು. "ಭಾಷೆ ತಪ್ಪಾಯ್ತು, ಓಟಿನ ವಿಷಯ ಅಂದ್ಕೊಂಡಳು ಅಂದ್ರೆ ಸಹಿ ಹಾಕ್ತಾರೆ. ನೀನು ಹೇಳೋದು ನೋಡಿದ್ರೆ ಒಳ್ಳೇ ಹುಡುಗನ ಹಾಗೆ ಕಾಣ್ತಾನೆ."

"ಬೇಡ, ಕೂತ್ಕೊಳ್ಳಿ."

"ಯಾಕೇ? ಎರಡು ನಿಮಿಷದ ಕೆಲಸ."

"ತಪ್ಪಾಯ್ತು ಅಂದ್ರೆ ಅವ್ರು ಮತ್ತೆ ಕೇಳ್ತಾರೆ. ಹಾಗಾದ್ರೆ ಗಾಡಿ ಓಡಿಸ್ತೀರಾ ಅಂತ. ಆಗ ಏನು ಹೇಳ್ಲಿ? ವರ್ಷಕ್ಕೊಂದು ಸಲ ನಿಂಬೆಹಣ್ಣಿನ ಮೇಲೆ ಅಂತ್ಲಾ?" ಅಕ್ಕನ ದನಿ ಏರಲಿಲ್ಲ. "ಅವ್ರು ಕೇಳಿದ್ದು ಸರಿಯಾಗೇ ಇದೆ. ಓಡಿಸಿ ತೋರಿಸ್ತೀನಿ."

ಹೋಗಿ ಹೇಳಿದ್ದರೆ ಕೆಲಸ ಸುಲಭವಾಗಿ ಆಗುತ್ತಿತ್ತು. ಸುಲಭವಾದದ್ದನ್ನು ಹೀಗೆ ಕಾಲಿಂದ ಒದೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾಳ್ಮೆ ಕಡಿಮೆ. ಅವತ್ತು ಮಾತ್ರ ಅಕ್ಕನನ್ನು ಅಲ್ಲೇ ತಬ್ಬಿಕೊಳ್ಳಬೇಕು ಅನ್ನಿಸಿತು.

ಆ ವಾರವಿಡೀ ಬೆಳಗಿನ ಜಾವ ನಮ್ಮವರು ಕಾರನ್ನು ಬೆಸೆಂಟ್ ನಗರಕ್ಕೆ ಒಯ್ದು, ಕಡಲ ಪಕ್ಕದ ರಸ್ತೆಯಲ್ಲಿ ಅಕ್ಕನ ಕೈಗೆ ಕೊಟ್ಟು, ತಾವು ಟೀ ಹುಡುಕಿಕೊಂಡು ಹೋಗುತ್ತಿದ್ದರು. ಮೇಲಧಿಕಾರಿಯಾಗಿದ್ದವರ ಹೆಂಡತಿಗೆ ಹೇಳಿಕೊಡುವಷ್ಟು ಧೈರ್ಯ ಅವರಿಗಿರಲಿಲ್ಲ. ಪಕ್ಕದ ಸೀಟಿನಲ್ಲಿ ಯಜಮಾನರೇ ಕೂತರು, ಹಿಂದೆ ನಾನು. ಮೊದಲ ದಿನ ಕಾರು ಜಿಗಿದು ನಿಂತಿತು, ಮತ್ತೆ ಜಿಗಿದು ನಿಂತಿತು. ವಾಕಿಂಗ್ ಬಂದವರು ರಸ್ತೆ ಬಿಟ್ಟು ಮರಳಿಗಿಳಿದರು. ಯಜಮಾನರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. "ನಾಯಿ ಇದೆ. ಸೈಕಲ್ ಬರ್ತಿದೆ. ಆ ಹೆಂಗಸು ಈಗ ದಾಟ್ತಾಳೆ ನೋಡು." ಪಕ್ಕದ್ದು ಕಾಣದ ಅವರು ಅಷ್ಟೆಲ್ಲವನ್ನೂ ಎಲ್ಲಿಂದ ಕಾಣುತ್ತಿದ್ದರೋ. ಇದ್ದ ನಾಯಿಗಿಂತ ಇಲ್ಲದ ನಾಯಿಗಳೇ ಹೆಚ್ಚು.

ಎರಡನೆಯ ದಿನ ಅಕ್ಕ ಕಾರು ನಿಲ್ಲಿಸಿ, ಸುತ್ತಿ ಬಂದು ಬಾಗಿಲು ತೆಗೆದು, ಯಜಮಾನರ ಕೈ ಹಿಡಿದು ಇಳಿಸಿ, ಕಟ್ಟೆಯ ಮೇಲೆ ಕಡಲಿಗೆ ಮುಖ ಮಾಡಿ ಕೂರಿಸಿದರು. "ಇಲ್ಲೇ ಇರಿ. ಈ ಕಡೆ ತಿರುಗಬೇಡಿ," ಎಂದರು. ಆಮೇಲೆ ನನ್ನನ್ನು ಮುಂದಕ್ಕೆ ಕರೆದರು.

"ನಂಗೆ ಡ್ರೈವಿಂಗ್ ಒಂದಕ್ಷರ ಬರಲ್ಲ ಅಕ್ಕ."

"ಅದಕ್ಕೇ ನೀನು ಕೂತ್ಕೊ."

ಏನೂ ತಿಳಿಯದವಳು ಪಕ್ಕದಲ್ಲಿ ಕೂತದ್ದೇ 'ಪರವಾಗಿಲ್ಲ' ಎಂದಂತಾಯಿತೋ ಏನೋ, ಕಾರು ಸರಿಯಾಗಿ ಓಡತೊಡಗಿತು. ನಾಲ್ಕನೆಯ ದಿನದ ಹೊತ್ತಿಗೆ ಅಕ್ಕ ಗೇರ್ ಹಾಕುವಾಗ ಕಡ್ಡಿಯ ಕಡೆ ನೋಡುತ್ತಿರಲಿಲ್ಲ. ಗಾಳಿಗೆ ಸೆರಗು ಹಾರದಂತೆ ಸೊಂಟಕ್ಕೆ ಸಿಕ್ಕಿಸಿ, ತುಟಿ ಬಿಗಿದುಕೊಂಡು ಓಡಿಸುತ್ತಿದ್ದರು. ಒಂದು ಸಲ ಮಾತ್ರ, "ಕ್ಲಚ್ ಬಿಡೋವಾಗ ನಮ್ಮಪ್ಪ ಸಣ್ಣಗೆ ಸೀಟಿ ಹಾಕೋರು. ಸೀಟಿ ಮುಗಿಯೋ ಅಷ್ಟು ನಿಧಾನ ಇರ್ಬೇಕು," ಎಂದರು. ನನಗೆ ಸೀಟಿ ಹಾಕಲು ಬರುವುದಿಲ್ಲ, ಅವರಿಗೂ ಬರುತ್ತಿರಲಿಲ್ಲ. ಇಬ್ಬರೂ ಸುಮ್ಮನೆ ಬಾಯಲ್ಲಿ ಉಸಿರು ಬಿಟ್ಟೆವು.

ಸೋಮವಾರ ಕಚೇರಿಯ ಹಿಂದಿನ ಮೈದಾನಕ್ಕೆ ನಮ್ಮವರು ಕಾರನ್ನು ತಂದು ನಿಲ್ಲಿಸಿ, ನಮ್ಮನ್ನು ಬಿಟ್ಟು ಕೆಲಸಕ್ಕೆ ಹೋದರು. ಅಂದರೆ ಮನೆಗೆ ಕಾರು ಒಯ್ಯಬೇಕಾದರೆ ಅಕ್ಕನೇ ಒಯ್ಯಬೇಕು, ಇಲ್ಲವಾದರೆ ಅದು ಅಲ್ಲೇ. ಕೊಳ್ಳುತ್ತೇವೆ ಎಂದಿದ್ದ ಪಕ್ಕದ ಬೀದಿಯವರು ಬಂದು ಅಲ್ಲಿಂದಲೇ ಒಯ್ಯಬಹುದು ಎಂದು ಅಕ್ಕ ತಾವೇ ಹೇಳಿದರು. ತಮಾಷೆಗೆ ಹೇಳಿದ್ದು, ಆದರೆ ಅವರ ಮೂಗಿನ ಮೇಲೆ ಬೆವರಿತ್ತು.

ಇನ್‌ಸ್ಪೆಕ್ಟರ್ ಬಂದು ಪಕ್ಕದಲ್ಲಿ ಕೂತರು. ಸ್ಟೀರಿಂಗಿನ ಪಕ್ಕದ ಗೇರನ್ನು ಅವರು ಬೆರಗಿನಿಂದ ನೋಡಿದ್ದು ಮೈದಾನದ ಅಂಚಿನಲ್ಲಿ ನಿಂತಿದ್ದ ನನಗೂ ಕಂಡಿತು. ಕಾರು ಹೊರಟ ಕೂಡಲೇ ಒಂದು ಸಲ ನಿಂತಿತು. ಯಜಮಾನರು ನನ್ನ ತೋಳು ಹಿಡಿದರು. "ನಿಂತಿತಾ? ನಿಂತಿತಾ?" ಎಂದು ಕೇಳಿದರು. ನೇರ ನೋಟದಿಂದ ಸರಿದ ಕಾರು ಅವರಿಗೆ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ, ಸದ್ದಿನಲ್ಲಿ ತಿಳಿದಿದ್ದರು. ಮತ್ತೆ ಹೊರಟಿತು ಎಂದೆ. ತಿರುವು ಬಂದಾಗ ಡ್ರೈವರ್ ಕಿಟಕಿಯಿಂದ ಬಳೆ ತೊಟ್ಟ ಒಂದು ಕೈ ಪೂರ್ತಿ ಹೊರಗೆ ಚಾಚಿ ಬಲಕ್ಕೆ ಹೋಗುತ್ತೇನೆಂದು ತೋರಿಸಿತು. ಅಕ್ಕ ಕಲಿತ ಕಾಲದಲ್ಲಿ ಹಾಗೆಯೇ ತೋರಿಸಬೇಕಿತ್ತು. ಈಗಿನವರು ಯಾರೂ ತೋರಿಸುವುದಿಲ್ಲ. ಸರದಿ ಕಾಯುತ್ತಿದ್ದವರು ಎದ್ದು ನಿಂತು ನೋಡಿದರು. ಎಡಕ್ಕೆ ತಿರುಗುವಾಗ ಅದೇ ಕೈ ಗಾಳಿಯಲ್ಲಿ ದೊಡ್ಡದಾಗಿ ಸುತ್ತು ಹೊಡೆಯಿತು. ನಿಲ್ಲಿಸುವಾಗ ಮೆಲ್ಲಗೆ ಮೇಲೆ ಕೆಳಗೆ ಆಡಿತು. ಒಂದೊಂದನ್ನೂ ನಾನು ಯಜಮಾನರಿಗೆ ಹೇಳುತ್ತ ಹೋದೆ.

ಕಾರಿನಿಂದ ಇಳಿದ ಇನ್‌ಸ್ಪೆಕ್ಟರ್ ಅರ್ಜಿಯನ್ನು ಬಾನೆಟ್ ಮೇಲಿಟ್ಟು ಸಹಿ ಹಾಕಿದರು. ಇಷ್ಟು ಚೆನ್ನಾಗಿ ಓಡಿಸುವವರು ಐದು ವರ್ಷಕ್ಕೊಂದು ಸಲ ಎಂದದ್ದು ಯಾಕೆ ಎಂದು ಕೇಳಿದರು. ಆಗ ಯಜಮಾನರು ತಮ್ಮ ಒಳ್ಳೆಯ ತಮಿಳಿನಲ್ಲಿ ಓಟಿನ ಕತೆ ಹೇಳಿದರು. ಇನ್‌ಸ್ಪೆಕ್ಟರ್ ನಕ್ಕು, "ಓಟ್ಟುಂಗಮ್ಮಾ. ದಿನಾ ಓಟ್ಟುಂಗ," ಎಂದರು. ಓಡಿಸಿ, ದಿನಾ ಓಡಿಸಿ ಎಂದು.

ಮನೆಗೆ ಹೊರಟೆವು. ಅಕ್ಕ ಸ್ಟೀರಿಂಗ್ ಹಿಡಿದಿದ್ದರು, ಪಕ್ಕದಲ್ಲಿ ಯಜಮಾನರು, ಹಿಂದೆ ನಾನು. ಹೆಂಡತಿ ಓಡಿಸುವ ಕಾರಿನಲ್ಲಿ ಈ ಊರಿನ ನಿಜವಾದ ರಸ್ತೆಗೆ ಅವರು ಬಂದದ್ದು ಅದೇ ಮೊದಲು. ನಾಯಿ, ಸೈಕಲ್ ಎಂದು ಏನೂ ಹೇಳಲಿಲ್ಲ. ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದರು. ನುಂಗಂಬಾಕ್ಕಂ ಹೈ ರೋಡಿನ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ನಮ್ಮ ಪಕ್ಕಕ್ಕೆ ಒಂದು ತಣ್ಣಿ ಲಾರಿ ಬಂದು ನಿಂತಿತು. ಅದರ ತೊಟ್ಟಿಯಿಂದ ನೀರು ತೊಟ್ಟಿಕ್ಕಿ ನಮ್ಮ ಬಾನೆಟ್ ಮೇಲೆ ಬೀಳುತ್ತಿತ್ತು. ಅಕ್ಕ ಅದನ್ನು ತಲೆಯೆತ್ತಿ ನೋಡಿದರು, ಮುಂದಿನ ರಸ್ತೆಯನ್ನು ನೋಡಿದರು, ಎರಡೂ ಕೈಯನ್ನು ಸ್ಟೀರಿಂಗಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಅವರ ಕಣ್ಣು ತುಂಬಿತ್ತು. ಸಂತೋಷಕ್ಕೆ ಎಂದು ನಾನು ತಿಳಿದೆ.

"ಇಷ್ಟೇ ಏನ್ರೀ?" ಎಂದರು. "ಇಷ್ಟೇ ಇದ್ದದ್ದಾ ಇದು? ಇಷ್ಟಕ್ಕೆ ಅಷ್ಟು ವರ್ಷ ನನ್ನ ಹೆದರಿಸಿದ್ರಾ?"

ಯಜಮಾನರು ಹಿಡಿಯಿಂದ ಕೈ ತೆಗೆದು, ಕನ್ನಡಕ ಸರಿಮಾಡಿಕೊಂಡು, ಎದುರಿಗಿದ್ದ ಕೆಂಪು ದೀಪವನ್ನೇ ನೋಡುತ್ತ ಕೂತರು.

"ನಿನ್ನ ಹೆದರಿಸಿದ್ದಲ್ಲ ಕಣೇ," ಎಂದರು. "ಹೆದರಿದ್ದು ನಾನು."

ಅಕ್ಕ ಅವರ ಕಡೆ ತಿರುಗಿದರು. ಹಿಂದಿನ ಆಟೋ ಹಾರ್ನ್ ಹೊಡೆಯಿತು. ದೀಪ ಹಸಿರಾಗಿತ್ತು.

"ಮೊದ್ಲೇ ಹೇಳ್ಬಾರ್ದಿತ್ತಾ," ಎಂದರು ಅಕ್ಕ, ಗೇರ್ ಹಾಕುತ್ತ. "ನಾನೇ ಧೈರ್ಯ ಹೇಳ್ತಿದ್ನಲ್ಲ."